ಬಿಡ್ತು ಅನ್ನಿ, ಕೂಸು ಭಾರವೇ?

ಭದ್ರಾವತಿಯ ನ್ಯೂ ಟೌನಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾರ್ಖಾನೆಯ ಸೈರನ್ ಕೂಗಿ, ಮೊದಲ ಪಾಳಿಯವರ ಸೈಕಲ್ಲುಗಳು ಒಂದರ ಹಿಂದೊಂದು ರಸ್ತೆ ದಾಟುತ್ತಿವೆ. ಸಾಲುಮನೆಯೊಂದರ ಹಿತ್ತಿಲ ಮೆಟ್ಟಿಲ ಮೇಲೆ ಬಂಗಾರಮ್ಮ ಕಾಫಿ ಲೋಟ ಹಿಡಿದು ಕೂತಿದ್ದಾರೆ. ನೋಡಿದವರಿಗೆ ಈಕೆ ಕೆಲಸಕ್ಕೆ ಬಂದವರೋ ಕಾಫಿಗೆ ಬಂದವರೋ ತಿಳಿಯುವುದಿಲ್ಲ. ಒಳಗೆ ಮನೆಯೊಡತಿ ಕಲ್ಲಮ್ಮ ಬಚ್ಚಲ ಒಲೆಗೆ ಸೌದೆ ತುರುಕಿ, ಹಂಡೆಗೆ ನೀರು ತುಂಬಲು ಬಕೆಟ್ಟಿನ ಬಳಿ ಬಗ್ಗುತ್ತಾರೆ. ಲೋಟ ತುಟಿಯಿಂದ ಇಳಿಯುವ ಮೊದಲೇ ಮೆಟ್ಟಿಲಿನಿಂದ ಮಾತು ಹಾರುತ್ತದೆ.

"ಅಮ್ಮಾ, ಯಾವ ಕೈ?"

ಬಕೆಟ್ಟಿನ ಹಿಡಿಕೆಯ ಹತ್ತಿರ ಹೋಗಿದ್ದ ಎಡಗೈ ಅಲ್ಲೇ ನಿಲ್ಲುತ್ತದೆ. "ನಿನ್ನ ಕಣ್ಣಿಗೆ ಮಣ್ಣೆರಚೋಕೆ ಆಗಲ್ಲ ಮಾರಾಯ್ತಿ," ಎಂದು ಕಲ್ಲಮ್ಮ ನಗುತ್ತಾರೆ. ಬಕೆಟ್ಟು ಬಿಟ್ಟು, ಬಲಗೈಯಲ್ಲಿ ಚೊಂಬು ತೆಗೆದುಕೊಂಡು ಮೊಗೆದು ಮೊಗೆದು ಹಂಡೆಗೆ ಹುಯ್ಯತೊಡಗುತ್ತಾರೆ. ಬಂಗಾರಮ್ಮ ಮತ್ತೆ ಕಾಫಿ ಕುಡಿಯುತ್ತಾರೆ. ಅವರ ಕೆಲಸವೆಂದರೆ ಇದೇ, ನೋಡುತ್ತ ಕೂರುವುದು.

ಶಿವಮೊಗ್ಗದ ಒಂದು ಖಾಸಗಿ ನರ್ಸಿಂಗ್ ಹೋಮಿನ ಮೂಳೆ ವಿಭಾಗದಲ್ಲಿ ಬಂಗಾರಮ್ಮ ಆಯಾ. ಕಸ ಗುಡಿಸಲು ಸೇರಿದವರು. ವ್ಯಾಯಾಮ ಮಾಡಿಸುವ ಕೋಣೆಯಲ್ಲಿ ಒಬ್ಬರ ಕಾಲು ಹಿಡಿದು, ಇನ್ನೊಬ್ಬರ ಭುಜಕ್ಕೆ ಶಾಖ ಕೊಟ್ಟು, ಫಿಸಿಯೋಥೆರಪಿಯ ಮೇಡಂ ಹೇಳಿದ್ದನ್ನು ಕಲಿತು, ಈಗ ಆಪರೇಷನ್ ಆಗಿ ಮನೆಗೆ ಹೋದವರನ್ನು ನೋಡಿಕೊಂಡು ಬರುವ ಕೆಲಸಕ್ಕೆ ಬಂದು ನಿಂತಿದ್ದಾರೆ. ಹುದ್ದೆಯ ಹೆಸರು ಮಾತ್ರ ಆಯಾ ಎಂದೇ ಉಳಿದಿದೆ. ರಾಗಿಗುಡ್ಡದ ಮನೆಯಲ್ಲಿ ಕೋಳಿ ಕೂಗುವಾಗ ಏಳುತ್ತಾರೆ, ಮೊದಲ ಬಸ್ಸು ಹಿಡಿಯುತ್ತಾರೆ. ದಿನಕ್ಕೆ ಮೂರೋ ನಾಲ್ಕೋ ಮನೆ. ವಾರದಲ್ಲಿ ಎರಡು ದಿನ ಭದ್ರಾವತಿ, ಒಂದು ದಿನ ಕುಂಸಿಯ ಕಡೆ, ಉಳಿದಂತೆ ಶಿವಮೊಗ್ಗದ ಬೀದಿಗಳು. ಹೆಚ್ಚಿನವರು ಮಂಡಿಯವರು, ಸೊಂಟದವರು. ಮೊಣಕೈಯ ಕೀಲನ್ನೇ ಬದಲಿಸಿಕೊಂಡವರು ಇಡೀ ಜಿಲ್ಲೆಯಲ್ಲಿ ಹುಡುಕಿದರೂ ಬೆರಳೆಣಿಕೆಯಷ್ಟೇ. ಕಲ್ಲಮ್ಮ ಅವರಲ್ಲಿ ಒಬ್ಬರು, ಅದೂ ಎರಡು ಸಲ ಬದಲಿಸಿಕೊಂಡವರು.

ಬಂಗಾರಮ್ಮನ ಗಂಡ ಶೇಷಪ್ಪ ಅಡಿಕೆ ಮಂಡಿಯಲ್ಲಿ ಹಮಾಲಿ. ಬೆಳಗಿನಿಂದ ಸಂಜೆಯವರೆಗೆ ಮೂಟೆ ಹೊರುವುದೇ ಅವರ ಬದುಕು. ಹೆಂಡತಿಯೋ ಊರೂರು ತಿರುಗಿ ಭಾರ ಎತ್ತಬೇಡಿ ಎಂದು ಸಾರುತ್ತ ಬಂದವರು. "ನಿನ್ನ ಮಾತು ಊರೋರೆಲ್ಲ ಕೇಳ್ಬಿಟ್ರೆ ನಮ್ಮನೆ ಒಲೆ ಹತ್ತಲ್ಲ ನೋಡು," ಎಂದು ಶೇಷಪ್ಪ ರೇಗಿಸುತ್ತಾರೆ. ಬಂಗಾರಮ್ಮ ಸುಮ್ಮನಿರುವ ಪೈಕಿಯಲ್ಲ. "ನಿಮ್ಮ ಬೆನ್ನು ಹಿಡ್ಕೊಂಡ ದಿನ ನನ್ನ ಹತ್ರಾನೇ ಬರ್ಬೇಕಲ್ಲ, ಆಗ ನೋಡ್ಕೋತೀನಿ," ಎನ್ನುತ್ತಾರೆ.

ಇಷ್ಟೆಲ್ಲ ಭಾರದ ಮಾತಾಡುವ ಬಂಗಾರಮ್ಮ ಈಗ ರೋಗಿಗಳ ಮನೆಯಲ್ಲಿ ಒಂದು ಪದವನ್ನು ಮಾತ್ರ ಆದಷ್ಟೂ ಬಾಯಿಂದ ಹೊರಡಿಸುವುದಿಲ್ಲ. ಆ ಪದ 'ಭಾರ'ವೇ. ಅದನ್ನು ಬಿಟ್ಟದ್ದು ಏಕೆ ಎಂಬುದು ಕಲ್ಲಮ್ಮನ ಎಡಗೈಯ ಕಥೆ.

ಕಲ್ಲಮ್ಮನಿಗೆ ನಲವತ್ತು ದಾಟುತ್ತಲೇ ಸಂಧಿವಾತ ಅಂಟಿಕೊಂಡಿತು. ಬೆರಳು, ಮಣಿಕಟ್ಟು ಎಂದು ಶುರುವಾದದ್ದು ಎಡ ಮೊಣಕೈಗೆ ಬಂದು ಕೂತು, ಕೀಲನ್ನು ತಿಂದುಹಾಕಿತು. ಕೈ ಅರ್ಧ ಮಡಚಿದಲ್ಲೇ ಬಿಗಿದುಕೊಂಡಿತು. ನೋವಿಗೆ ಮಾತ್ರೆಯಿತ್ತು, ಆದರೆ ಅವರನ್ನು ಕೊರೆದದ್ದು ಬೇರೆಯೇ ಸಂಗತಿ. ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ನೇರಕ್ಕೆ ಹಿಡಿದು ಪೂಜೆ ಮಾಡಿದವರು ಅವರು. ಕೈ ಏಳದಾದಾಗ ಲಿಂಗವನ್ನು ಮಣೆಯ ಮೇಲೆ ಬಟ್ಟಲಲ್ಲಿಟ್ಟು, ತಾವೇ ಬಗ್ಗಿ ನೋಡುವಂತಾಯಿತು. "ಶಿವನ್ನ ಅಂಗೈಲಿ ಹಿಡಿಯೋಕೂ ಯೋಗ್ಯತೆ ಇಲ್ದಂಗಾಯ್ತಲ್ಲ ಅಂತ ಅತ್ತಿದೀನಿ," ಎನ್ನುತ್ತಾರೆ ಅವರು.

ತೊಂಬತ್ತೇಳರಲ್ಲಿ ಕರಾವಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೃತಕ ಕೀಲು ಹಾಕಿದರು. ತೋಳಿನ ಮೂಳೆಯೊಳಗೆ ಒಂದು ಲೋಹದ ಕಂಬಿ, ಮುಂಗೈ ಮೂಳೆಯೊಳಗೆ ಇನ್ನೊಂದು, ಎರಡನ್ನೂ ಮೂಳೆಗೆ ಹಿಡಿದಿಡಲು ವೈದ್ಯರು ಬಳಸುವ ಸಿಮೆಂಟು, ನಡುವೆ ಎರಡನ್ನೂ ಜೋಡಿಸುವ ಪಿನ್ನು, ಅದರ ಸುತ್ತ ಸವೆತ ತಡೆಯಲು ಪ್ಲಾಸ್ಟಿಕ್ಕಿನ ಬುಶ್. ಗಾಯ ಮಾಗಿ ತಿಂಗಳುಗಳ ವ್ಯಾಯಾಮ ಮುಗಿದ ಮೇಲೆ ಒಂದು ಬೆಳಿಗ್ಗೆ ಲಿಂಗ ಅಂಗೈಯ ಮೇಲೆ ಕೂತು ಕಣ್ಣಿನ ಮಟ್ಟಕ್ಕೆ ಬಂತು. ಆ ದಿನ ವ್ಯಾಯಾಮ ಮಾಡಿಸಲು ಬಂದಿದ್ದ ಬಂಗಾರಮ್ಮನಿಗೆ ಕಲ್ಲಮ್ಮ ಹೊಸ ಕುಪ್ಪಸದ ಕಣ ಕೊಟ್ಟು ಕುಂಕುಮ ಇಟ್ಟು ಕಳಿಸಿದರು.

ಭಾರ ಎತ್ತಬೇಡಿ ಎಂದು ಎಲ್ಲರೂ ಹೇಳಿದ್ದರು. ಆಪರೇಷನ್ ಮಾಡಿದವರು ಹೇಳಿದ್ದರು, ಶಿವಮೊಗ್ಗದಲ್ಲಿ ನೋಡಿಕೊಳ್ಳುವ ಡಾಕ್ಟರ್ ಜ್ಞಾನೇಶ್ ಹೇಳಿದ್ದರು, ಬಂಗಾರಮ್ಮನಂತೂ ಬಂದಾಗಲೆಲ್ಲ ಹೇಳಿದ್ದರು. ಕಲ್ಲಮ್ಮ ಅಕ್ಷರಶಃ ಪಾಲಿಸಿದರು. ಅಕ್ಕಿ ಮೂಟೆಗೆ ಕೈ ಹಚ್ಚಲಿಲ್ಲ, ರುಬ್ಬುವ ಕಲ್ಲಿನ ಹತ್ತಿರ ಸುಳಿಯಲಿಲ್ಲ, ಗ್ಯಾಸ್ ಸಿಲಿಂಡರ್ ಬಂದರೆ ಗಂಡನನ್ನೋ ಮಗ ಮಲ್ಲೇಶನನ್ನೋ ಕೂಗಿದರು.

ಹೀಗಿದ್ದೂ ನಾಲ್ಕನೇ ವರ್ಷಕ್ಕೆ ತೋಳಿನಲ್ಲಿ ನೋವು ಕಾಣಿಸಿತು. ಕೈ ತಿರುಗಿಸಿದರೆ ಒಳಗೆ ಏನೋ ಕಟಕ್ ಎನ್ನುತ್ತಿತ್ತು. ಎಕ್ಸ್‌ರೇ ತೆಗೆದಾಗ ಸಿಮೆಂಟಿನ ಸುತ್ತ ಒಂದು ಕಪ್ಪು ಗೆರೆ ಬಿದ್ದಿತ್ತು. ಕಂಬಿ ಮೂಳೆಯೊಳಗೆ ಸಡಿಲವಾಗಿ ಅಲ್ಲಾಡುತ್ತಿದೆ ಎಂದರ್ಥ. ಜ್ಞಾನೇಶ್ ಕೇಳಿದರು, "ಭಾರ ಏನಾದ್ರೂ ಎತ್ತಿದ್ರಾ ಅಮ್ಮಾ?"

"ಇಲ್ಲ."

"ಯೋಚನೆ ಮಾಡಿ ಹೇಳಿ."

"ಕೊರಳಲ್ಲಿ ಲಿಂಗ ಇದೆ, ಸುಳ್ಳು ಹೇಳ್ತೀನಾ ಡಾಕ್ಟ್ರೆ?"

ಗಂಡ ಓಂಕಾರಪ್ಪ ಹೌದೆಂದರು. ಸೊಸೆ ಸುಮನಾ ಕೂಡ ಅತ್ತೆಯವರು ಒಂದು ಚೀಲವನ್ನೂ ಮುಟ್ಟಿದ್ದು ಕಂಡಿಲ್ಲ ಎಂದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಸೋಂಕು ಇರಬಹುದೇ ಎಂದು ರಕ್ತ ಪರೀಕ್ಷೆಯಾಯಿತು, ಅದೂ ಅಲ್ಲ ಎಂದು ಬಂತು.

ರಕ್ತದ ವರದಿ ಬಂದ ದಿನ ಮತ್ತೊಂದು ಎಕ್ಸ್‌ರೇ ಇತ್ತು. ಅಂದು ಮಧ್ಯಾಹ್ನ ಎಕ್ಸ್‌ರೇ ಕೋಣೆಯಿಂದ ಹೊರಬಂದ ಕಲ್ಲಮ್ಮನಿಗೆ ಬಂಗಾರಮ್ಮ ಸೀರೆ ಸರಿಮಾಡಿ, ಕೆದರಿದ ಕೂದಲು ಬಾಚುತ್ತಿದ್ದರು. ಊರ ಮಾತು, ಮನೆಯ ಮಾತು ನಡೆದಿತ್ತು. ಕಲ್ಲಮ್ಮ ನಿಟ್ಟುಸಿರಿಟ್ಟು, "ಮನೇಲಿ ಸ್ಫೂರ್ತಿ ಎಷ್ಟು ಅಳ್ತಿದಾಳೋ. ನಾನು ಎತ್ಕೊಂಡು ಓಡಾಡಿಸದೆ ಅವಳು ನಿದ್ದೆ ಮಾಡಲ್ಲ," ಎಂದರು. ಸ್ಫೂರ್ತಿ ಅವರ ಮೊಮ್ಮಗಳು, ಆಗ ಎರಡು ವರ್ಷದ್ದು. ಸುಮನಾ ಶಾಲೆಯ ಟೀಚರು, ಮಗು ಮೂರು ತಿಂಗಳಿದ್ದಾಗಿನಿಂದ ಹಗಲೆಲ್ಲ ಅಜ್ಜಿಯದೇ ಜವಾಬ್ದಾರಿ.

ಬಂಗಾರಮ್ಮನ ಬಾಚಣಿಗೆ ನಿಂತಿತು. "ಯಾವ ಕೈಲಿ ಎತ್ಕೋತೀರಿ ಅಮ್ಮಾ?"

"ಯಾವ ಕೈ ಅಂದ್ರೆ? ಎಡಗಡೆ ಸೊಂಟದ ಮೇಲೆ. ಎಲ್ಲಾರೂ ಹಂಗೇ ಅಲ್ವಾ? ಬಲಗೈಗೆ ಕೆಲಸ ಇರಲ್ವಾ?"

ಹೇಗೆ ಕೇಳುವುದೆಂದು ತೋಚದೆ ಬಂಗಾರಮ್ಮ ಮೆಲ್ಲಗೆ ಕೇಳಿದರಂತೆ, "ಅಮ್ಮಾ, ಅದೂ ಭಾರವೇ ಅಲ್ವಾ?"

ಕಲ್ಲಮ್ಮ ಉರಿದುಬಿದ್ದರು. "ಬಿಡ್ತು ಅನ್ನು! ಮೊದ್ಲು ಬಿಡ್ತು ಅನ್ನು! ಕೂಸನ್ನ ಯಾರಾದ್ರೂ ಭಾರ ಅಂತಾರಾ?"

ಬಂಗಾರಮ್ಮ ಕೈಮುಗಿದು ಬಿಡ್ತು ಎಂದರು. ಅವರಿಗೂ ಗೊತ್ತಿರುವ ಮಾತೇ ಅದು. ಮಗು ದಪ್ಪಗಿದೆ, ತೂಕ ಬಂದಿದೆ ಎಂದರೆ ದೃಷ್ಟಿ ತಾಗುತ್ತದೆ, ಅಂದವರು ಕೂಡಲೇ ಬಿಡ್ತು ಎಂದು ಅಪಶಕುನ ಕಳೆದುಕೊಳ್ಳಬೇಕು. ಮೂಟೆ ಭಾರ, ಕಲ್ಲು ಭಾರ, ಸಾಲ ಭಾರ. ಕೂಸು ಮಾತ್ರ ಭಾರವಲ್ಲ. ನಮ್ಮ ನುಡಿಯಲ್ಲಿ ಮೂಟೆಯನ್ನು ಎತ್ತುತ್ತೇವೆ, ಮಗುವನ್ನು ಎತ್ತಿಕೊಳ್ಳುತ್ತೇವೆ. ಡಾಕ್ಟರು ಕೇಳಿದ್ದು ಎತ್ತಿದ್ದರ ಬಗ್ಗೆ, ಎತ್ತಿಕೊಂಡದ್ದರ ಬಗ್ಗೆ ಯಾರೂ ಕೇಳಿರಲಿಲ್ಲ. "ನನ್ನ ಮನೇಲಿ ಭಾರ ಅಂದ್ರೆ ನಮ್ಮೋರು ಹೊರೋ ಅಡಿಕೆ ಮೂಟೆ. ನನಗೂ ಹೊಳೀಲಿಲ್ಲ, ಅವರಿಗೂ ಹೊಳೀಲಿಲ್ಲ," ಎನ್ನುತ್ತಾರೆ ಬಂಗಾರಮ್ಮ.

ಡಾಕ್ಟರ್ ಜ್ಞಾನೇಶ್ ಈ ಪ್ರಸಂಗ ನೆನೆದು ನಗುವುದಿಲ್ಲ. ಮೊಣಕೈಗೆ ಮಂಡಿಯಷ್ಟು ದಪ್ಪ ಮೂಳೆಯ ಆಸರೆ ಇಲ್ಲ ಎಂದು ಅವರು ವಿವರಿಸುತ್ತಾರೆ. ಮಡಚಿದ ಕೈಯಲ್ಲಿ ಹಿಡಿದ ತೂಕ ಕೀಲಿನ ಬಳಿ ಹಲವು ಪಟ್ಟಾಗಿ ಬೀಳುತ್ತದೆ. ಆದ್ದರಿಂದಲೇ ಆ ಕೈಯಲ್ಲಿ ಒಂದು ಸಲಕ್ಕೂ ಐದು ಕೆ.ಜಿ. ದಾಟಬಾರದು, ಮತ್ತೆ ಮತ್ತೆ ಎತ್ತುವುದಾದರೆ ಒಂದು ಕೆ.ಜಿ. ಸಾಕು ಎನ್ನುವುದು. ವರ್ಷದ ಕೂಸೇ ಆ ಐದು ಕೆ.ಜಿ.ಯ ಎರಡರಷ್ಟು ಇರುತ್ತದೆ, ಜೊತೆಗೆ ಕೊಸರಾಡುತ್ತದೆ. "ಆದ್ರೆ ಎಲ್ಲಾನೂ ಮಗು ತಲೆ ಮೇಲೆ ಹಾಕಬೇಡಿ," ಎಂದು ಅವರು ಎಚ್ಚರಿಸುತ್ತಾರೆ. "ಸಂಧಿವಾತಕ್ಕೆ, ಅದರ ಮಾತ್ರೆಗೆ ಇವರ ಮೂಳೆ ಮೊದಲೇ ಟೊಳ್ಳಾಗಿತ್ತು. ಬುಶ್ಶೂ ಸವೆದಿತ್ತು. ಕೆಲವರಿಗೆ ಕೀವಾಗಿ ಕೆಡುತ್ತೆ, ಕೆಲವರು ಬಿದ್ದು ಕಂಬಿ ಪಕ್ಕದ ಮೂಳೆ ಮುರ್ಕೋತಾರೆ, ಇನ್ನು ಕೆಲವರಿಗೆ ಯಾಕೆ ಸಡಿಲ ಆಯ್ತು ಅಂತ ನಮಗೂ ಗೊತ್ತಾಗಲ್ಲ."

ಓಂಕಾರಪ್ಪ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುತ್ತಿದ್ದವರು. ಅವರು ತಮ್ಮ ಮುಂಬಾಗಿಲನ್ನೇ ತೋರಿಸುತ್ತಾರೆ. "ಈ ಬಾಗಿಲಿಗೆ ಮಕ್ಕಳು ಜೋತು ಬಿದ್ದು ಉಯ್ಯಾಲೆ ಆಡಿದ್ರೆ ಕೀಲು ಮುರಿಯಲ್ಲ. ಮರದೊಳಗೆ ಸ್ಕ್ರೂ ಸಡಿಲ ಆಗುತ್ತೆ. ಇನ್ನೊಂದ್ಸಲ ಹಾಕ್ಬೇಕಂದ್ರೆ ತೂತು ದೊಡ್ಡದಾಗಿರುತ್ತೆ, ಚಕ್ಕೆ ತುಂಬಿ ಉದ್ದ ಸ್ಕ್ರೂ ಹಾಕ್ಬೇಕು. ಮೂರನೇ ಸಲಕ್ಕೆ ಮರಾನೇ ಇರಲ್ಲ." ಕರಾವಳಿಯ ಆಸ್ಪತ್ರೆಯಲ್ಲಿ ಎರಡನೇ ಸಲ ನಡೆದದ್ದೂ ಹಾಗೆಯೇ. ಹಳೆಯ ಕಂಬಿ ತೆಗೆದು, ಸಿಮೆಂಟು ಕೆರೆದು, ಸೊಂಟದಿಂದ ತೆಗೆದ ಮೂಳೆಯ ಚೂರು ತುಂಬಿ, ಉದ್ದ ಕಂಬಿಯ ಹೊಸ ಕೀಲು ಕೂರಿಸಿದರು. ಇದೂ ಸಡಿಲವಾದರೆ ಇನ್ನೊಂದಕ್ಕೆ ಜಾಗವಿಲ್ಲ, ಕೀಲೇ ಇಲ್ಲದ ಕೈ ಜೋಲಾಡುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ ಕಳಿಸಿದರು. ಅಂಗೈಯ ಲಿಂಗ ಮತ್ತೆ ಮಣೆಗೆ ಇಳಿಯುತ್ತದೆ ಎಂದು ಕಲ್ಲಮ್ಮನಿಗೆ ಅರ್ಥವಾಯಿತು.

ಬಂಗಾರಮ್ಮನ ಕೆಲಸದ ರೀತಿ ಬದಲಾದದ್ದು ಆಗಿನಿಂದ. ಈಗ ಅವರು ಯಾರನ್ನೂ ಭಾರ ಎತ್ತಿದಿರಾ ಎಂದು ಕೇಳುವುದಿಲ್ಲ. ಬೆಳ್ಳಂಬೆಳಿಗ್ಗೆ ಬಂದು ಕೂತು, ಕೈಗೆ ಏನೇನು ಬರುತ್ತದೆಂದು ನೋಡುತ್ತಾರೆ. ಒದ್ದೆ ಸೀರೆ ಹಿಂಡುವುದು, ನೆಲಕ್ಕೆ ಕೈಯೂರಿ ಏಳುವುದು, ಅಂಟಿಕೊಂಡ ಕಪಾಟಿನ ಬಾಗಿಲು ಜಗ್ಗುವುದು, ಇವೆಲ್ಲ ಜನರ ಲೆಕ್ಕದಲ್ಲಿ ಭಾರವೇ ಅಲ್ಲ. ಕುಂಸಿಯ ಭೈರಪ್ಪ ಎಂಬ ಹಿರಿಯರು, ಮುರಿದ ಮೊಣಕೈಗೆ ಕೀಲು ಹಾಕಿಸಿಕೊಂಡವರು, ಹಗ್ಗ ಕಿತ್ತುಕೊಂಡು ಓಡುತ್ತಿದ್ದ ಉಳುವ ಜೋಡಿಯನ್ನು ಅದೇ ಕೈಯಲ್ಲಿ ಎಳೆದು ನಿಲ್ಲಿಸಿದರಂತೆ. ಬಂಗಾರಮ್ಮ ಗದರಿದ್ದಕ್ಕೆ, "ನಾನೆಲ್ಲಿ ಎತ್ತಿದೆ ಮಾರಾಯ್ತಿ? ಎತ್ತನ್ನ ಹಿಡ್ಕೊಂಡೆ ಅಷ್ಟೇ," ಎಂದರಂತೆ. ಅದನ್ನು ಹೇಳುವಾಗ ಬಂಗಾರಮ್ಮ ಹೊಟ್ಟೆ ಹಿಡಿದು ನಗುತ್ತಾರೆ. ಭೈರಪ್ಪನವರ ಕೈ ಸದ್ಯಕ್ಕೆ ನೆಟ್ಟಗಿದೆ.

ಕಲ್ಲಮ್ಮನ ಮನೆಯಲ್ಲಿ ಮಾತ್ರ ನಗು ಕಡಿಮೆಯಾಗಿತ್ತು. ಅಜ್ಜಿಯ ಕೈ ಕೆಟ್ಟದ್ದು ಮಗುವಿನ ಕಾಲ್ಗುಣದಿಂದ ಎಂದು ಬೀದಿಯ ಹೆಂಗಸೊಬ್ಬರು ಆಡಿದ ಮಾತು ಸುಮನಾ ಅವರ ಕಿವಿಗೂ ಬಿದ್ದಿತು. ಆ ದಿನ ಬಂಗಾರಮ್ಮ ನಲ್ಲಿಯ ಬಳಿಯೇ ಆ ಹೆಂಗಸನ್ನು ನಿಲ್ಲಿಸಿಕೊಂಡರು. "ಕಾಲ್ಗುಣ ಅಲ್ಲ ತಾಯಿ, ಕೈಗುಣ. ಎತ್ಕೊಂಡ ಕೈ ಯಾವ್ದು ಅಂತ ಎರಡು ವರ್ಷ ನೋಡ್ದೆ ಇದ್ನಲ್ಲ, ಬೈಯೋದಾದ್ರೆ ನನ್ನ ಬಯ್ಯಿ," ಎಂದು ಬಾಯಿ ಮುಚ್ಚಿಸಿದರು. ಆದರೂ ಕಲ್ಲಮ್ಮನ ಭಯ ಹೋಗಲಿಲ್ಲ. ಸ್ಫೂರ್ತಿ ಓಡಿ ಬಂದರೆ ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿಯತೊಡಗಿದರು. ಹತ್ತಿರ ಬಂದರೆ ಕೈ ತಾನಾಗಿ ಮುಂದಾಗುತ್ತದೆಂಬ ಭಯ ಅದು. ಮಗುವಿಗೆ ಅದೆಲ್ಲ ತಿಳಿಯಬೇಕಲ್ಲ.

ಈಗ ಸುಮನಾಗೆ ಎರಡನೇ ಮಗುವಾಗಿದೆ. ಗಂಡು. ತವರಿನ ಬಾಣಂತನ ಮುಗಿಸಿ ಮುಂದಿನ ವಾರ ಬರುತ್ತಾರೆ. "ನಾನು ನೋಡ್ತೀನಿ, ಮುಟ್ಟಲ್ಲ," ಎಂದು ಕಲ್ಲಮ್ಮ ಹಟ ಹಿಡಿದಿದ್ದಾರೆ. ಕಾಫಿ ಮುಗಿಸಿದ ಬಂಗಾರಮ್ಮ ತಮ್ಮ ಚೀಲದಿಂದ ಒಂದು ಗಂಟು ತೆಗೆಯುತ್ತಾರೆ. ಹಳೆಯ ಸೀರೆಯಲ್ಲಿ ಅಕ್ಕಿ ತುಂಬಿ, ಕೂಸಿನ ಉದ್ದಕ್ಕೆ ಕಟ್ಟಿದ ಗಂಟು.

"ಅಕ್ಕಿನ ಭಾರ ಅನ್ನೋಕೆ ಅಡ್ಡಿ ಇಲ್ವಲ್ಲ ಅಮ್ಮಾ? ಬನ್ನಿ, ಕೂತ್ಕೊಳ್ಳಿ."

ಮಂಚದ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ ಕಲ್ಲಮ್ಮ ಕೂರುತ್ತಾರೆ. ಎಡಪಕ್ಕಕ್ಕೆ ಎರಡು ದಿಂಬು. ಬಂಗಾರಮ್ಮ ಗಂಟನ್ನು ಅವರ ಮಡಿಲಲ್ಲಿ ಮಲಗಿಸಿ, ತಲೆಯ ಭಾಗವನ್ನು ಬಲತೋಳಿಗೆ ಒರಗಿಸುತ್ತಾರೆ. "ಎತ್ಕೊಳ್ಳೋದು ಬೇಡ, ಮಡಿಲಿಗೆ ಹಾಕಿಸ್ಕೊಳ್ಳಿ. ಎಡಗೈ ಇರೋದು ಮೇಲಿಂದ ಹೊದಿಸೋಕೆ, ಕೆಳಗಿಂದ ಹೊರೋಕಲ್ಲ." ಮಗ್ಗುಲಲ್ಲಿ ನಿಂತ ಐದು ವರ್ಷದ ಸ್ಫೂರ್ತಿ ಆ ಗಂಟಿಗೆ ಆಗಲೇ ಅಕ್ಕಿಪಾಪು ಎಂದು ಹೆಸರಿಟ್ಟಿದ್ದಾಳೆ.

ಎಲ್ಲ ಸರಿಯಾಗಿದೆ ಅನ್ನುವಷ್ಟರಲ್ಲಿ ಬಂಗಾರಮ್ಮ ಹೇಳದೆ ಕೇಳದೆ ಗಂಟನ್ನು ಅಂಚಿಗೆ ಜಾರಿಸುತ್ತಾರೆ. ಕಲ್ಲಮ್ಮನ ಎಡಗೈ ಸರಕ್ಕನೆ ಕೆಳಗೆ ಹೋಗಿ ಅದನ್ನು ಹಿಡಿಯುತ್ತದೆ. ಇನ್ನೊಮ್ಮೆ ಜಾರಿಸಿದರೂ ಹಾಗೆಯೇ. ಅಕ್ಕಿ ಎಂದು ಗೊತ್ತಿದ್ದೂ ಕೈ ಕೇಳುವುದಿಲ್ಲ. "ನೋಡಿದ್ಯಾ? ನನ್ನ ಕೈನ ನಾನೇ ನಂಬಲ್ಲ," ಎಂದು ಕಲ್ಲಮ್ಮನ ಕಣ್ಣು ತುಂಬುತ್ತದೆ. ಬಂಗಾರಮ್ಮ ಗಂಟಿನ ಮೇಲಿನ ಒಂದು ಸುತ್ತು ಸೀರೆಯನ್ನಷ್ಟೇ ಬಿಚ್ಚಿ ತೆಗೆದು, ಮಡಿಲ ಗಂಟನ್ನೂ ಕಲ್ಲಮ್ಮನ ಸೊಂಟವನ್ನೂ ಬಳಸಿ ಬೆನ್ನ ಹಿಂದೆ ಕಟ್ಟುತ್ತಾರೆ. ಗದ್ದೆಗೆ ಹೋಗುವ ತಾಯಂದಿರು ಕೂಸನ್ನು ಕಟ್ಟಿಕೊಳ್ಳುವಂತೆ. ಈಗ ಎಷ್ಟು ಜಗ್ಗಿದರೂ ಗಂಟು ಜಾರುವುದಿಲ್ಲ. ಮೊದಮೊದಲು ಬೆದರುವ ಕೈ, ಹತ್ತಾರು ಸಲ ಜಗ್ಗಿದ ಮೇಲೆ, ಮೇಲೆಯೇ ನಿಲ್ಲಲು ಕಲಿಯುತ್ತದೆ.

ತೊಟ್ಟಿಲ ಶಾಸ್ತ್ರದ ದಿನ ಬಂಗಾರಮ್ಮನಿಗೂ ಕರೆ ಬಂದಿದೆ. ಮನೆ ತುಂಬ ಹೆಂಗಸರು. ಕಲ್ಲಮ್ಮ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಾರೆ. ಸುಮನಾ ಮಗುವನ್ನು ತಂದು ಅವರ ಮಡಿಲಿಗೆ ಹಾಕುತ್ತಾರೆ. ಬಂಗಾರಮ್ಮ ಸೀರೆ ಬಳಸಿ ಕಟ್ಟುತ್ತಾರೆ. ಹೊಸ ಮಡಿಲಿನಲ್ಲಿ ಕೂಸು ಒಮ್ಮೆ ಮುಖ ಕಿವುಚಿ, ಕಾಲು ಝಾಡಿಸಿ ಬೆನ್ನು ಬಿಲ್ಲಾಗಿಸುತ್ತದೆ. ಕಲ್ಲಮ್ಮನ ಎಡಗೈ ಒಂದಿಷ್ಟು ಇಳಿಯುತ್ತದೆ, ಮತ್ತೆ ಮೇಲೆ ಬಂದು ಕೂಸಿನ ಎದೆಯ ಮೇಲೆ ಹಗುರವಾಗಿ ಕೂರುತ್ತದೆ. ಸ್ಫೂರ್ತಿ ಮಂಚ ಹತ್ತಿ ಅಜ್ಜಿಯ ಬಲಮಗ್ಗುಲಿಗೆ ಅಂಟಿಕೊಳ್ಳುತ್ತಾಳೆ. ಈ ಸಲ ಅಜ್ಜಿ ಹಿಂದೆ ಸರಿಯುವುದಿಲ್ಲ.

ಸ್ವಲ್ಪ ಹೊತ್ತಿಗೆ ಕಲ್ಲಮ್ಮ ತಲೆಯೆತ್ತಿ ಬಂಗಾರಮ್ಮನನ್ನು ಹುಡುಕಿ, ಪಿಸುದನಿಯಲ್ಲಿ ಹೇಳುತ್ತಾರೆ. "ಬಂಗಾರಿ, ಭಾರ ಇದಾನೆ ಕಣೆ." ಹೇಳಿದ್ದೇ ತಡ, ನಾಲಿಗೆ ಕಚ್ಚಿಕೊಳ್ಳುತ್ತಾರೆ. "ಬಿಡ್ತು, ಬಿಡ್ತು!"

ಊಟ ಮುಗಿಸಿ, ಬಸ್ಸಿಗೆ ಕಾಯುತ್ತ ನಿಂತ ಬಂಗಾರಮ್ಮನ ಕೈಯಲ್ಲಿ ತಾಂಬೂಲದ ಚೀಲವಿದೆ. ಇನ್ನೇನು ಆಸೆ ಎಂದು ಕೇಳಿದರೆ ಆ ಕೈ ಕಲ್ಲಮ್ಮನ ಕಾಲ ಮುಗಿಯುವವರೆಗೂ ಬಾಳಲಿ ಎನ್ನುತ್ತಾರೆ, ಅಷ್ಟೇ. "ಅವರ ಬಾಯಲ್ಲಿ ಆ ಮಾತು ಬರ್ಲಿ ಅಂತ ಮೂರು ವರ್ಷದಿಂದ ಕಾಯ್ತಿದ್ದೆ. ಇವತ್ತು ಬಂತು. ಇನ್ನು ಅವರ ಕೈಗೆ ನಾನು ಕಾವಲು ಕೂರೋದು ಬೇಕಾಗಿಲ್ಲ."

ಆದರೆ ಅವರು ಕೂಡಲೇ ಬಿಡ್ತು ಎಂದುಬಿಟ್ಟರಲ್ಲ?

"ಅನ್ಬೇಕಲ್ಲ ಮತ್ತೆ, ಕೂಸಿಗೆ ದೃಷ್ಟಿ ಆಗ್ಬಾರ್ದು," ಎಂದು ಬಂಗಾರಮ್ಮ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಾರೆ. "ನಾನೂ ಮನಸ್ಸಲ್ಲೇ ಅಂದೆ."